ಆರ್ಕೆಸ್ಟ್ರಾಕ್ಕೆ ಬೇಸ್ ಗಿಟಾರ್: ಹೊಸದು ತರಲಾ, ಇರುವುದನ್ನೇ ಸರಿಮಾಡಿಸಲಾ? (ಕಲಬುರಗಿ)

ಜೇವರ್ಗಿ ರೋಡ್ ಬೇಸ್:

ನಮಸ್ಕಾರ ಎಲ್ಲರಿಗೂ. ಕಲಬುರಗಿಯವನು. ಮದುವೆ, ರಿಸೆಪ್ಷನ್, ಜಾತ್ರೆ ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸುತ್ತೇನೆ, ಭಾನುವಾರ ಚರ್ಚ್‌ನಲ್ಲಿ ಕ್ವಾಯರ್ ಜೊತೆ. ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಯಮಹಾ ಟಿಆರ್‌ಬಿಎಕ್ಸ್ 174. 4 ತಂತಿ, ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸ್, ನಡುವೆ ಪಿ ಜಾತಿಯ ಪಿಕಪ್ (ತಂತಿಯ ಅದುರನ್ನು ಸಿಗ್ನಲ್ ಮಾಡುವ ಭಾಗ), ತಂತಿ ಕೂರುವ ಬ್ರಿಜ್ ಕಡೆ ಜೆ ಜಾತಿಯ ಪಿಕಪ್. ಸ್ವಂತ ಆಂಪ್ ಇಲ್ಲ. ಸ್ಟೇಜ್‌ಗೆ ಹೋದರೆ ಸೌಂಡ್‌ನವರು ಒಂದು ವೈರ್ ಕೈಗೆ ಕೊಡುತ್ತಾರೆ, ಅದರ ಇನ್ನೊಂದು ತುದಿ ನೇರ ಮಿಕ್ಸರ್‌ನಲ್ಲಿ. ಅಷ್ಟೇ ನಮ್ಮ ಸೆಟಪ್.

ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೇಳಿದರೆ ಚೆನ್ನಾಗಿಯೇ ಇದೆ. ಸ್ಟೇಜ್ ಮೇಲೆ ಅದೇ ಬೇಸ್ ಕಂಬಳಿ ಹೊದ್ದುಕೊಂಡ ಹಾಗೆ ಮಂಕಾಗಿ ಕೇಳಿಸುತ್ತದೆ. ಟ್ರೆಬಲ್ ಏರಿಸಿ ಅಂದರೆ ಸುಂಯ್ ಅನ್ನುವುದು ಜಾಸ್ತಿ ಆಗುತ್ತದೆ, ನೋಟ್ ಮಾತ್ರ ಬಿಡಿಬಿಡಿಯಾಗಿ ಬರುವುದಿಲ್ಲ. ಜೊತೆಗೆ ಗುಂಯ್ ಸದ್ದು. ಕೆಲವು ಕಡೆ ಕಮ್ಮಿ, ಕೆಲವು ಕಡೆ ಹಾಡು ನಿಂತ ಕೂಡಲೇ ಮುಂದೆ ಕೂತವರು ತಿರುಗಿ ನೋಡುವಷ್ಟು. ಜನರೇಟರ್ ಇದ್ದ ಕಡೆ, ಬಣ್ಣದ ಲೈಟ್ ಹೊತ್ತಿಕೊಂಡ ಮೇಲೆ ಇನ್ನೂ ಜೋರು. ಇನ್ನೊಂದು, ಅಪ್ಪನ (ಶರಣಬಸವೇಶ್ವರರ) ಜಾತ್ರೆ ಹೊತ್ತಿಗೆ ಬಿಸಿಲು ಏರುತ್ತಿದ್ದ ಹಾಗೆ ನೆಕ್ ಮೇಲಿನ ಲೋಹದ ಪಟ್ಟಿ, ಅಂದರೆ ಫ್ರೆಟ್, ಮೊದಲ ನಾಲ್ಕೈದರಲ್ಲಿ ತಂತಿ ಕಟಕಟ ಅನ್ನಲು ಶುರು.

ಬಜೆಟ್ 25 ಸಾವಿರ. ಬ್ಯಾಂಡ್‌ನವರು ಆಕ್ಟಿವ್, ಅಂದರೆ ಬ್ಯಾಟರಿ ಇರುವ, 5 ತಂತಿಯದ್ದು ತಗೋ ಅನ್ನುತ್ತಾರೆ. ಒಬ್ಬ ದೋಸ್ತ್ ಪಿಕಪ್ ಬದಲಿಸು ಅಂತಾನೆ. ನನಗೆ ಒಂದು ಆಂಪ್ ಆಸೆ. ಏನೇ ಆದರೂ ಹೈದರಾಬಾದ್‌ಗೆ ಹೋಗಿ ತರಬೇಕು, ಅದಕ್ಕೇ ಮೊದಲು ಇಲ್ಲಿ ಕೇಳುತ್ತಿದ್ದೇನೆ.

ಹುಮನಾಬಾದ್ ಗ್ರೂವ್:

ಭಾಯ್, 5 ತಂತಿಗೇ ನನ್ನ ಓಟು. ಕಾರಣ ಹೇಳುತ್ತೇನೆ. ನಮ್ಮ ಕಡೆ ಹಾಡುಗಾರರು ಸ್ಕೇಲ್ ಹೇಳುವುದೇ ಹಾರ್ಮೋನಿಯಂ ಲೆಕ್ಕದಲ್ಲಿ, ‘ಕಪ್ಪು ಎರಡು ಹಿಡಿ’ ಅಂತಾರೆ. ಅಂದರೆ ಡಿ ಶಾರ್ಪ್. 4 ತಂತಿಯಲ್ಲಿ ಕೆಳಗಿನ ತಂತಿ ಇ. ಡಿ ಶಾರ್ಪ್ ಅದಕ್ಕಿಂತ ಅರ್ಧ ಮೆಟ್ಟಿಲು ಕೆಳಗೆ. ಸಿಗುವುದಿಲ್ಲ. ಎ ತಂತಿಯ 6ನೇ ಫ್ರೆಟ್‌ಗೆ ಹೋಗಬೇಕು, ಅಲ್ಲಿ ಒಂದು ಆಕ್ಟೇವ್ ಮೇಲೆ. ಡೋಲಕ್, ಪ್ಯಾಡ್ ಎಲ್ಲಾ ತುಂಬಿರುವ ಹಾಡಿನಲ್ಲಿ ಆ ನೋಟ್‌ಗೆ ತೂಕವೇ ಬರುವುದಿಲ್ಲ. 5 ತಂತಿ ಇದ್ದರೆ ಬಿ ತಂತಿಯ 4ನೇ ಫ್ರೆಟ್, ಕೈ ಕೆಳಗೇ ಇರುತ್ತದೆ. ಹಾಡುಗಾರ ನಡುವೆಯೇ ಸ್ಕೇಲ್ ಬದಲಿಸಿದರೂ ಅದೇ ಬೆರಳಿನ ಆಕಾರ ಒಂದು ಫ್ರೆಟ್ ಆಚೀಚೆ ಸರಿಸಿದರೆ ಮುಗಿಯಿತು.

ಗುಂಯ್ ಸದ್ದಿಗೆ ಏನೂ ಖರ್ಚು ಬೇಡ. ಎರಡೂ ಪಿಕಪ್ ವಾಲ್ಯೂಮ್ ಪೂರ್ತಿ ತೆರೆ, ಹೋಗುತ್ತದೆ.

ಬೀದರ್ ಬೇಸ್ ಬೆಂಚ್:

ಮೇಲೆ ಹೇಳಿದ ಉಪಾಯ ಜಾಝ್ ಬೇಸ್‌ಗೆ ಸರಿ, ಈ ಬೇಸ್‌ಗೆ ಅಲ್ಲ. ಫೆಂಡರ್‌ನವರು 1960ರಲ್ಲಿ ತಂದ ಜಾಝ್ ಬೇಸ್‌ನಲ್ಲಿ ಎರಡು ಸಿಂಗಲ್ ಕಾಯಿಲ್ ಪಿಕಪ್ ಇರುತ್ತವೆ. ಒಂದಕ್ಕೊಂದು ಉಲ್ಟಾ ಸುತ್ತಿರುವುದರಿಂದ ಎರಡನ್ನೂ ಸಮ ತೆರೆದರೆ ಹಮ್, ಅಂದರೆ ಆ ಗುಂಯ್, ಕಳೆದುಹೋಗುತ್ತದೆ. ತಮ್ಮನ ಹತ್ತಿರ ಇರುವುದು ಪಿ ಮತ್ತು ಜೆ. ಪಿ ಅಂದರೆ ಎರಡು ತುಂಡಾದ ಪಿಕಪ್, ಪ್ರಿಸಿಷನ್ ಬೇಸ್‌ಗೆ 1957ರಲ್ಲಿ ಬಂದದ್ದು. ಆ ಎರಡು ತುಂಡು ತಮ್ಮೊಳಗೇ ಹಮ್ ಕಳೆದುಕೊಳ್ಳುತ್ತವೆ. ಜೆ ಒಂಟಿ ಕಾಯಿಲ್. ಅದರ ಹಮ್ ಕಳೆಯಲು ಜೊತೆಗಾರ ಯಾರೂ ಇಲ್ಲ. ಎಷ್ಟು ತೆರೆದರೆ ಅಷ್ಟು ಗುಂಯ್.

ಆದ್ದರಿಂದ ತಮ್ಮಾ, ಮೊದಲು ಪುಕ್ಕಟೆ ಪರೀಕ್ಷೆ ಮಾಡು. ಜೆ ವಾಲ್ಯೂಮ್ ಪೂರ್ತಿ ಮುಚ್ಚಿ ಪಿ ಒಂದನ್ನೇ ತೆರೆ. ಗುಂಯ್ ನಿಂತರೆ ಕಳ್ಳ ಸಿಕ್ಕ. ನಿಲ್ಲದಿದ್ದರೆ ತಂತಿ ಮೇಲೆ ಕೈ ಇಡು. ಕೈ ಇಟ್ಟಾಗ ಕಮ್ಮಿ, ತೆಗೆದಾಗ ಜಾಸ್ತಿ ಅಂದರೆ ಬ್ರಿಜ್‌ಗೆ ಹೋಗುವ ಗ್ರೌಂಡ್ ವೈರ್ ಸರಿ ಇದೆ, ಒಳಗೆ ಶೀಲ್ಡಿಂಗ್ (ಹೊರಗಿನ ಗದ್ದಲ ತಡೆಯುವ ಲೋಹದ ಹೊದಿಕೆ) ಸಾಲದು ಅಂತ ಅರ್ಥ. ಕೈ ಇಟ್ಟರೂ ಏನೂ ವ್ಯತ್ಯಾಸ ಇಲ್ಲ ಅಂದರೆ ಆ ವೈರ್ ಬಿಟ್ಟಿರಬಹುದು.

ಶೀಲ್ಡಿಂಗ್ ಮನೆಯಲ್ಲೇ ಮಾಡಬಹುದು. ತಾಮ್ರದ ಟೇಪ್ ಬೇಕು, ಅಂಟಿನ ಕಡೆಯಿಂದಲೂ ಕರೆಂಟ್ ಹರಿಯುವಂಥದ್ದು. ಹಿಂದಿನ ಮುಚ್ಚಳ ತೆಗೆದು ಪಾಟ್‌ಗಳಿರುವ (ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿನ ಭಾಗ) ಗೂಡಿನ ಗೋಡೆ, ತಳ, ಮುಚ್ಚಳದ ಒಳಮೈ, ಆಮೇಲೆ ಎರಡೂ ಪಿಕಪ್ ಕೂರುವ ಗೂಡು, ಎಲ್ಲಕ್ಕೂ ಅಂಟಿಸು. ಟೇಪ್ ತುಂಡುಗಳು ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂರಬೇಕು. ಮಲ್ಟಿಮೀಟರ್ ಅನ್ನು ಬೀಪ್ ಸದ್ದಿಗೆ ಇಟ್ಟು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮುಟ್ಟಿಸಿ ನೋಡು. ಬೀಪ್ ಬರದ ಜಾಗದಲ್ಲಿ ಸೋಲ್ಡರ್ ಬೊಟ್ಟು ಇಡು. ಕೊನೆಗೆ ಟೇಪ್‌ನಿಂದ ಪಾಟ್‌ನ ಬೆನ್ನಿಗೆ ಒಂದು ವೈರ್. ಮುಚ್ಚುವ ಮೊದಲು ಜ್ಯಾಕ್ ನೋಡು. ಪ್ಲಗ್ ತೂರಿಸಿದಾಗ ಅದರ ತುದಿ ಹಿಡಿಯುವ ತಗಡು ಹೊರಕ್ಕೆ ಬಾಗುತ್ತದೆ. ಅದು ಹೋಗಿ ತಾಮ್ರಕ್ಕೆ ತಾಗಿದರೆ ಬೇಸ್ ಪೂರ್ತಿ ಮೂಗ. ಅಲ್ಲಿ ಒಂದು ತುಂಡು ಇನ್ಸುಲೇಷನ್ ಟೇಪ್ ಹಾಕು. ಸೋಲ್ಡರ್ ಕೈ ಇಲ್ಲದಿದ್ದರೆ ನಿಮ್ಮ ಊರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ಟಿವಿ ರಿಪೇರಿ ಮಾಡುವವರು ಯಾರಾದರೂ ಮಾಡಿಕೊಡುತ್ತಾರೆ, ಗಿಟಾರ್ ಅಂತ ಹೆದರಿಸಬೇಡ, ಮೂರು ಪಾಟ್ ಒಂದು ಜ್ಯಾಕ್ ಅಂತ ಹೇಳು.

ಒಂದು ಮಾತು ಯಾರೂ ಹೇಳುವುದಿಲ್ಲ. ತಾಮ್ರದ ಟೇಪ್ ಲೈಟ್‌ನಿಂದ, ಡಿಮ್ಮರ್‌ನಿಂದ ಬರುವ ಚರಚರ ಸದ್ದನ್ನು ತಡೆಯುತ್ತದೆ. ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತಾಗ ಬರುವ 50 ಹರ್ಟ್ಸ್ ದಪ್ಪ ಗುಂಯ್ ಅಯಸ್ಕಾಂತದ ದಾರಿಯಲ್ಲಿ ಬರುತ್ತದೆ, ಅದಕ್ಕೆ ತಾಮ್ರದ ಲೆಕ್ಕವೇ ಇಲ್ಲ. ಅಲ್ಲಿ ನೀನು ನಿಂತ ದಿಕ್ಕು ಸ್ವಲ್ಪ ತಿರುಗಿಸಿದರೆ ಕಮ್ಮಿ ಆಗುವುದು ಗೊತ್ತಾಗುತ್ತದೆ. ಪೂರ್ತಿ ಹೋಗಬೇಕಾದರೆ ಜೆ ಒಂದನ್ನು ಮಾತ್ರ ಹಮ್ ಕಳೆಯುವ ಜಾತಿಯದಕ್ಕೆ ಬದಲಿಸಬೇಕು. ಎರಡೂ ಬದಲಿಸುವುದು ಸುಮ್ನೆ ದುಡ್ಡು ಹಾಳು. ನಿಜ ಹೇಳಬೇಕೆಂದರೆ ಆರ್ಕೆಸ್ಟ್ರಾ ಹಾಡುಗಳಿಗೆ ಪಿ ಒಂದೇ ಸಾಕು. ಮಿಕ್ಸ್‌ನಲ್ಲಿ ಕೂರುವುದೇ ಅದು.

ಫ್ರೆಟ್ ಕಟಕಟ ಬಗ್ಗೆ. ಇದು ನಮ್ಮ ಭಾಗದ ಒಣ ಬಿಸಿಲಿನ ಕಾಯಿಲೆ. ಮರದ ತೇವ ಆರಿದಾಗ ನೆಕ್ ತೀರಾ ನೇರ ಆಗುತ್ತದೆ, ಕೆಲವೊಮ್ಮೆ ಹಿಂದಕ್ಕೂ ಬಾಗುತ್ತದೆ. ಮೊದಲ ಫ್ರೆಟ್‌ಗಳಲ್ಲೇ ಸದ್ದು ಬರುವುದು ಅದಕ್ಕೆ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ಕೊನೆಯ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿ. 7–8ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಇರಬೇಕು, ಸುಮಾರು 0.3 ಮಿಲಿಮೀಟರ್. ಸಂದೇ ಇಲ್ಲದಿದ್ದರೆ ನೆಕ್ ಒಳಗಿನ ಬಾಗು ಸರಿಮಾಡುವ ಸರಳು, ಅಂದರೆ ಟ್ರಸ್ ರಾಡ್ ಅನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು ಸಡಿಲ ಮಾಡು. ಕಾಲು ಸುತ್ತು ಮಾತ್ರ. ಮತ್ತೆ ಟ್ಯೂನ್ ಮಾಡಿ, ಒಂದು ರಾತ್ರಿ ಬಿಟ್ಟು ನೋಡು. ಮಳೆಗಾಲದಲ್ಲಿ ನೆಕ್ ಮುಂದಕ್ಕೆ ಬಾಗಿ ತಂತಿ ಎತ್ತರ ಆದಾಗ ಇದರ ಉಲ್ಟಾ. ಬೇಸಿಗೆಯಲ್ಲಿ ಫ್ರೆಟ್ ತುದಿ ಕೈಗೆ ಚುಚ್ಚಿದರೂ ಗಾಬರಿ ಬೇಡ, ಮರ ಕುಗ್ಗಿದೆ, ಲೋಹ ಕುಗ್ಗಿಲ್ಲ, ಅಷ್ಟೇ. ಮಧ್ಯಾಹ್ನ ಟೆಂಪೊದೊಳಗೆ ಬೇಸ್ ಬಿಟ್ಟು ಊಟಕ್ಕೆ ಹೋಗುವ ಅಭ್ಯಾಸ ಇದ್ದರೆ ಅದನ್ನು ಮೊದಲು ಬಿಡು.

ಶಹಾಪುರ ಸೌಂಡ್:

ನಾನು ಮಿಕ್ಸರ್ ಹಿಂದೆ ಕೂರುವವನು. ನೀವೆಲ್ಲ ಗಿಟಾರ್ ಬಗ್ಗೆಯೇ ಮಾತಾಡುತ್ತೀರಿ, ಗಿಟಾರ್‌ನಿಂದ ಮಿಕ್ಸರ್‌ವರೆಗಿನ ದಾರಿ ಯಾರಿಗೂ ಬೇಡ.

ಮಂಕು ಸೌಂಡ್‌ಗೆ ಕಾರಣ ಪಿಕಪ್ ಅಲ್ಲ ತಮ್ಮಾ. ಪ್ಯಾಸಿವ್ ಬೇಸ್‌ನ ಸಿಗ್ನಲ್ ಮೆತ್ತಗಿನದು. ಅದಕ್ಕೆ ಸುಮಾರು 10 ಲಕ್ಷ ಓಮ್, ಅಂದರೆ 1 ಮೆಗಾ ಓಮ್ ತಡೆ (ಇಂಪಿಡೆನ್ಸ್) ಇರುವ ಇನ್‌ಪುಟ್ ಬೇಕು. ನಮ್ಮ ಮಿಕ್ಸರ್‌ನ ಲೈನ್ ಇನ್‌ಪುಟ್ 10–20 ಸಾವಿರ ಓಮ್. ಮೈಕ್ ಇನ್‌ಪುಟ್ ಇನ್ನೂ ಕಮ್ಮಿ. ಅಲ್ಲಿಗೆ ಹಾಕಿದ ಕೂಡಲೇ ಮೇಲಿನ ಸ್ವರ ಎಲ್ಲಾ ಸತ್ತುಹೋಗುತ್ತದೆ. ಹೋದದ್ದನ್ನು ಟ್ರೆಬಲ್ ಏರಿಸಿ ತರಲು ಆಗುವುದಿಲ್ಲ, ಸುಂಯ್ ಮಾತ್ರ ಬರುತ್ತದೆ. ಕೆಲವು ಚಿಕ್ಕ ಮಿಕ್ಸರ್‌ಗಳಲ್ಲಿ ಮೊದಲ ಚಾನೆಲ್‌ಗೆ ‘ಹೈ ಝೆಡ್’ (ಜಾಸ್ತಿ ತಡೆ) ಬಟನ್ ಇರುತ್ತದೆ, ಇದ್ದರೆ ಒತ್ತಿಸಿ. ಇಲ್ಲದಿದ್ದರೆ ಡಿಐ ಬಾಕ್ಸ್ ತಗೊಳ್ಳಿ, ಬೇಸ್‌ನ ಸಿಗ್ನಲನ್ನು ಮಿಕ್ಸರ್‌ಗೆ ಒಗ್ಗಿಸುವ ಪುಟ್ಟ ಪೆಟ್ಟಿಗೆ ಅದು. ನಿಮ್ಮದು ಪ್ಯಾಸಿವ್ ಬೇಸ್, ಹಾಗಾಗಿ ಆಕ್ಟಿವ್ ಡಿಐ. ಅದಕ್ಕೆ ಮಿಕ್ಸರ್‌ನಿಂದ 48 ವೋಲ್ಟ್ ಫ್ಯಾಂಟಮ್ (ಮೈಕ್ ಕೇಬಲ್‌ನಲ್ಲೇ ಬರುವ ಕರೆಂಟ್) ಬೇಕು. ಕೆಲವು ಸೌಂಡ್‌ನವರು ಫ್ಯಾಂಟಮ್ ಹಾಕಲು ಹೆದರುತ್ತಾರೆ, ಅದಕ್ಕೇ 9 ವೋಲ್ಟ್ ಬ್ಯಾಟರಿಯಲ್ಲೂ ನಡೆಯುವಂಥದ್ದು ಒಳ್ಳೆಯದು. ಬೆಹ್ರಿಂಗರ್ ಡಿಐ 100 ಎರಡರಲ್ಲೂ ನಡೆಯುತ್ತದೆ. ಡಿಐಯಿಂದ ಮುಂದೆ ಎಕ್ಸ್‌ಎಲ್‌ಆರ್ (ಮೂರು ಪಿನ್‌ನ ಮೈಕ್) ಕೇಬಲ್, ದಾರಿಯ ಗದ್ದಲ ಕಳೆಯುವ ಬ್ಯಾಲೆನ್ಸ್ಡ್ ಲೈನ್, 30 ಮೀಟರ್ ಎಳೆದರೂ ಚಿಂತೆ ಇಲ್ಲ. ಈಗ ನೀವು ಸ್ಟೇಜ್‌ನಿಂದ ಮಿಕ್ಸರ್‌ವರೆಗೆ ಗಿಟಾರ್ ವೈರನ್ನೇ ಜೋಡಿಸಿ ಜೋಡಿಸಿ ಎಳೆಯುತ್ತಿದ್ದೀರಿ ಅಲ್ವಾ? ಆ ವೈರೇ ಆಂಟೆನಾ.

ಇನ್ನು 5 ತಂತಿ. ಬಿ ತಂತಿ ಸುಮಾರು 31 ಹರ್ಟ್ಸ್. ನಿಮ್ಮ ಇ ತಂತಿಯೇ 41. ನಮ್ಮ ಹಳ್ಳಿ ಮದುವೆಗಳಲ್ಲಿ ಸ್ಟ್ಯಾಂಡ್ ಮೇಲೆ ಎರಡು 15 ಇಂಚಿನ ಟಾಪ್ ಸ್ಪೀಕರ್, ಕೆಳಗಿನ ಸ್ವರಕ್ಕೆಂದೇ ಇರುವ ಸಬ್ ಪೆಟ್ಟಿಗೆ ಇಲ್ಲ. ಆ ಟಾಪ್‌ನ ಸದ್ದು 50ರ ಕೆಳಗೆ ಬೇಗ ಬಿದ್ದುಹೋಗುತ್ತದೆ. ಜನ ಕೇಳುತ್ತಿರುವುದು ನಿಮ್ಮ ಇ ತಂತಿಯ 41ರ ಜೊತೆಗೇ ಹುಟ್ಟುವ ಇಮ್ಮಡಿ ಸ್ವರ, 82 ಹರ್ಟ್ಸ್, ಮತ್ತು ಅದರ ಮೇಲಿನದು. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದಂಥ ದೊಡ್ಡ ಸ್ಟೇಜ್, ಸಾಲು ಸಬ್ ಇದ್ದ ಕಡೆ ಬಿ ತಂತಿಗೆ ಬೆಲೆ ಇದೆ. ಉಳಿದ ಕಡೆ ಕೆಳಗಿನದನ್ನು ಏರಿಸಬೇಡಿ, ಕೋನ್ ಹರಿಯುವುದು ಬಿಟ್ಟು ಬೇರೇನೂ ಆಗುವುದಿಲ್ಲ. ನಾನು 40ರ ಕೆಳಗೆ ಕತ್ತರಿಸುತ್ತೇನೆ, 200–250ರ ಹತ್ತಿರ ಸ್ವಲ್ಪ ತೆಗೆಯುತ್ತೇನೆ, 700–800ರ ಹತ್ತಿರ ಸ್ವಲ್ಪ ಕೊಡುತ್ತೇನೆ. ಬೇಸ್ ಬಾಯಿಬಿಟ್ಟು ಮಾತಾಡುವುದು ಅಲ್ಲಿ.

ಮತ್ತೊಂದು, ನಿಮ್ಮ ಕೀಬೋರ್ಡ್‌ನವರಿಗೆ ಎಡಗೈ ಸುಮ್ಮನಿಡಲು ಹೇಳಿ. ಬೇಸ್ ಇಲ್ಲದ ಕಾಲದಿಂದ ಅವರಿಗೆ ಎಡಗೈಯಲ್ಲಿ ಬೇಸ್ ಒತ್ತುವ ಅಭ್ಯಾಸ. ಇಬ್ಬರೂ ಅಲ್ಲೇ ಗುದ್ದಾಡಿದರೆ ನಾನು ಯಾವ ನಾಬ್ ತಿರುಗಿಸಿದರೂ ಕೆಸರೇ.

ಜೇವರ್ಗಿ ರೋಡ್ ಬೇಸ್:

ಅಣ್ಣಾ, ಎಲ್ಲರಿಗೂ ಥ್ಯಾಂಕ್ಸ್. ಕೀಬೋರ್ಡ್ ಎಡಗೈ ವಿಷಯ ಓದಿ ನಗು ಬಂತು, ನಮ್ಮಲ್ಲಿ ಅದೇ ಜಗಳ. ಜೆ ಮುಚ್ಚಿ ನೋಡಿದೆ. ಮನೆಯಲ್ಲಿ ಗುಂಯ್ ಮುಕ್ಕಾಲು ಹೋಯಿತು. ತಂತಿ ಮುಟ್ಟಿದರೆ ಉಳಿದದ್ದೂ ಕಮ್ಮಿ. ಶೀಲ್ಡಿಂಗ್ ಮಾಡಿಸುತ್ತೇನೆ.

ಆದರೆ ಇನ್ನೊಂದು ಕೇಳಬೇಕು. ಜನರೇಟರ್ ಇದ್ದ ಕಾರ್ಯಕ್ರಮದಲ್ಲಿ ಕೋರಸ್ ಹಾಡಲು ಮೈಕ್ ಹತ್ತಿರ ಬಾಯಿ ಒಯ್ದರೆ ತುಟಿಗೆ ಚುರ್ ಅನ್ನುತ್ತದೆ. ಕೈ ತಂತಿ ಮೇಲಿದ್ದಾಗ ಮಾತ್ರ. ಡಿಐಯಲ್ಲಿ ‘ಗ್ರೌಂಡ್ ಲಿಫ್ಟ್’ ಅಂತ ಬಟನ್ ಇರುತ್ತದಂತೆ, ಅದು ಒತ್ತಿದರೆ ಇದು ಹೋಗುತ್ತದಾ? ಮತ್ತೆ ಆಂಪ್ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಶಹಾಪುರ ಸೌಂಡ್:

ಗುಂಯ್ ವಿಷಯ ಪಕ್ಕಕ್ಕಿಡಿ. ಇದು ಜೀವದ ವಿಷಯ.

ನಿಮ್ಮ ತಂತಿ ಬ್ರಿಜ್ ಮೂಲಕ ಮಿಕ್ಸರ್‌ನ ಗ್ರೌಂಡ್‌ಗೆ ಸೇರಿದೆ. ಮೈಕ್‌ನ ಜಾಲರಿಯೂ ಒಂದು ಗ್ರೌಂಡ್‌ಗೆ ಸೇರಿದೆ. ಎರಡೂ ಒಂದೇ ಮಟ್ಟದಲ್ಲಿದ್ದರೆ ಚುರ್ ಅನ್ನಬಾರದು. ಅನ್ನುತ್ತದೆ ಅಂದರೆ ಯಾವುದೋ ಒಂದು ಪೆಟ್ಟಿಗೆಯ ಅರ್ಥಿಂಗ್ ಇಲ್ಲ, ಇಲ್ಲವೇ ಎರಡು ಬೇರೆ ಬೇರೆ ಲೈನ್‌ನಿಂದ ಕರೆಂಟ್ ತೆಗೆದಿದ್ದಾರೆ. ಬಾಡಿಗೆ ಜನರೇಟರ್ ತಂದು ನೆಲಕ್ಕೆ ಅರ್ಥ್ ರಾಡ್ ಹೊಡೆಯದೇ ಚಾಲೂ ಮಾಡುವುದು ನಮ್ಮ ಕಡೆ ಮಾಮೂಲಿ. ಇವತ್ತು ಚುರ್ ಅಂದದ್ದು ನಾಳೆ ಮಳೆ ಬಂದು ಸ್ಟೇಜ್ ಹಸಿಯಾದಾಗ ಬರೀ ಚುರ್ ಆಗಿ ಉಳಿಯುವುದಿಲ್ಲ.

ಗ್ರೌಂಡ್ ಲಿಫ್ಟ್ ಇದಕ್ಕೆ ಔಷಧ ಅಲ್ಲ. ಅದು ಎಕ್ಸ್‌ಎಲ್‌ಆರ್‌ನ 1ನೇ ಪಿನ್ ಬಿಡಿಸುತ್ತದೆ, ಎರಡು ದಾರಿಯಲ್ಲಿ ಗ್ರೌಂಡ್ ಸುತ್ತಿಕೊಂಡಾಗ ಬರುವ ಹಮ್ ತೆಗೆಯಲು. ಕರೆಂಟ್ ಅರ್ಥಿಂಗ್‌ಗೂ ಅದಕ್ಕೂ ಸಂಬಂಧ ಇಲ್ಲ. ಇನ್ನು ಕೆಲವರು ಗುಂಯ್ ಹೋಗಲಿ ಅಂತ ಆಂಪ್ ಪ್ಲಗ್‌ನ ದಪ್ಪ ಮೂರನೇ ಪಿನ್ ಮುರಿದು ಹಾಕುತ್ತಾರೆ. ಅಂಥ ಪ್ಲಗ್ ಕಂಡರೆ ಆ ಸಾಮಾನು ಮುಟ್ಟಬೇಡಿ.

ಕಿಸೆಯಲ್ಲಿ ಲೈನ್ ಟೆಸ್ಟರ್ ಇಟ್ಟುಕೊಳ್ಳಿ. ಸೌಂಡ್ ಚೆಕ್‌ಗೆ ಮೊದಲು ಮೈಕ್ ಜಾಲರಿಗೆ, ಆಮೇಲೆ ತಂತಿಗೆ ಹಿಡಿದು ನೋಡಿ. ಉರಿದರೆ ಕೇಬಲ್ ಕಿತ್ತು ಕೆಳಗಿಡಿ, ಎಲೆಕ್ಟ್ರಿಷಿಯನ್ ಕರೆಯಿರಿ. ಮಿಕ್ಸರ್, ಕೀಬೋರ್ಡ್, ಆಂಪ್ ಎಲ್ಲಾ ಒಂದೇ ಅರ್ಥಿಂಗ್ ಇರುವ ಒಂದೇ ಬೋರ್ಡ್‌ನಿಂದ ಬರಬೇಕು, ಲೈಟ್‌ಗೆ ಬೇರೆ ಫೇಸ್. ಹೀಗೆ ಮಾಡಿದರೆ ಡಿಮ್ಮರ್ ಚರಚರವೂ ಅರ್ಧ ಇಳಿಯುತ್ತದೆ. ಆರ್ಗನೈಸರ್ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಹುಮನಾಬಾದ್ ಗ್ರೂವ್:

ಇದಕ್ಕೆ ನನ್ನದೊಂದು. ಬೇಸ್‌ಗೆ ವೈರ್‌ಲೆಸ್ ಹಾಕಿ. ಬೇಸ್‌ಗೂ ಮಿಕ್ಸರ್‌ಗೂ ನಡುವೆ ವೈರೇ ಇಲ್ಲ ಅಂದ ಮೇಲೆ ನಿಮ್ಮ ಕೈಯಿಂದ ಮೈಕ್‌ಗೆ ಕರೆಂಟ್ ದಾಟಲು ದಾರಿ ಇರುವುದಿಲ್ಲ. ಅರ್ಥಿಂಗ್ ಬೇಡ ಅಂತಲ್ಲ, ಹಾಡುಗಾರರು ಮೈಕ್ ಹಿಡಿದೇ ಇರುತ್ತಾರೆ, ಕೀಬೋರ್ಡ್‌ನವರು ಇದ್ದಾರೆ. ಚಿಕ್ಕ 2.4 ಗಿಗಾಹರ್ಟ್ಸ್ ಸೆಟ್‌ಗಳು ವೈಫೈ, ಬ್ಲೂಟೂತ್ ಜಾಸ್ತಿ ಇದ್ದ ಹಾಲ್‌ಗಳಲ್ಲಿ ಕೆಲವೊಮ್ಮೆ ಕೈಕೊಡುತ್ತವೆ. ಹಾಗಾಗಿ ಕೇಬಲ್ ಒಂದು ಬ್ಯಾಗ್‌ನಲ್ಲಿ ಇರಲೇಬೇಕು. ಚಾರ್ಜ್ ಮಾಡಲು ಮರೆತರೆ ನನ್ನನ್ನು ಬಯ್ಯಬೇಡಿ.

5 ತಂತಿ ಬಗ್ಗೆ ಮಾತು ಬದಲಿಸುವುದಿಲ್ಲ, ಬೆರಳಿನ ಸುಖ ಬೇರೆಯೇ. ಬಜೆಟ್ ಸಾಲದಿದ್ದರೆ ಇ ತಂತಿಯ ಕೀಲಿಗೆ ಹಿಪ್‌ಶಾಟ್ ಎಕ್ಸ್‌ಟೆಂಡರ್ ಥರದ ಲಿವರ್ ಹಾಕಿಸಬಹುದು. ಒಂದು ತಟ್ಟಿದರೆ ಇ ಇಳಿದು ಡಿ ಆಗುತ್ತದೆ. ಆಗ ಡಿ ಶಾರ್ಪ್ ಅದೇ ತಂತಿಯ 1ನೇ ಫ್ರೆಟ್‌ನಲ್ಲಿ. ಉಳಿದ ನೋಟ್‌ಗಳೂ ಎರಡು ಫ್ರೆಟ್ ಸರಿಯುತ್ತವೆ, ಅದಕ್ಕೆ ಕೈ ಒಗ್ಗಬೇಕು. ಲಿವರ್ ಕೂಡ ದುಬಾರಿ ಅನ್ನಿಸಿದರೆ ಕಪ್ಪು ಎರಡರ ಹಾಡುಗಳನ್ನೆಲ್ಲ ಪಟ್ಟಿಯಲ್ಲಿ ಒಟ್ಟಿಗೆ ಹಾಕಿಸಿ ಕೈಯಿಂದಲೇ ಇಳಿಸಿಕೊಳ್ಳಿ.

ಬೀದರ್ ಬೇಸ್ ಬೆಂಚ್:

ಆಂಪ್ ಬಗ್ಗೆ. 25 ಸಾವಿರದಲ್ಲಿ ಬಯಲು ಸ್ಟೇಜ್ ತುಂಬಿಸುವ ಬೇಸ್ ಆಂಪ್ ಬರುವುದಿಲ್ಲ. 20–40 ವ್ಯಾಟ್‌ನ ಪುಟಾಣಿ ಆಂಪ್ ಡ್ರಮ್ಸ್ ಪಕ್ಕದಲ್ಲಿ ಕೇಳಿಸುವುದೂ ಇಲ್ಲ. ಆದರೆ ನಿನಗೆ ನೀನು ಕೇಳಿಸಿಕೊಳ್ಳಲು ಮಾತ್ರ ಬೇಕಾದರೆ ಅದೇ ಪುಟಾಣಿ ಸಾಕು. ನೆಲದ ಮೇಲೆ ಇಡಬೇಡ, ಕುರ್ಚಿ ಮೇಲೆ ಇಟ್ಟು ಕಿವಿ ಕಡೆ ತಿರುಗಿಸು. ಬೇಸ್‌ನಿಂದ ಡಿಐಗೆ, ಡಿಐಯಲ್ಲಿ ‘ಥ್ರೂ’ ಅಂತ ಇನ್ನೊಂದು ಜ್ಯಾಕ್ ಇರುತ್ತದೆ, ಅದರಿಂದ ಆಂಪ್‌ಗೆ. ಜನರಿಗೆ ಹೋಗುವ ಸೌಂಡ್ ಮಿಕ್ಸರ್‌ನದು, ನಿನ್ನದು ನಿನಗೆ.

ಅದಕ್ಕಿಂತ ನಾನಾದರೆ ಝೂಮ್ ಬಿ1 ಫೋರ್ ಪೆಡಲ್ ತರುತ್ತೇನೆ. ಟ್ಯೂನರ್, ಕಂಪ್ರೆಸರ್ (ಜೋರು, ಮೆತ್ತಗಿನ ನೋಟ್‌ಗಳನ್ನು ಸಮ ಮಾಡುವುದು), ಪ್ರೀಆಂಪ್ ಎಲ್ಲಾ ಅದರಲ್ಲೇ. 4 ಎಎ ಸೆಲ್‌ನಲ್ಲಿ ನಡೆಯುತ್ತದೆ, ಜನರೇಟರ್ ಸ್ಟೇಜ್‌ನಲ್ಲಿ ಅಡಾಪ್ಟರ್ ಹಾಕದೇ ಸೆಲ್‌ನಲ್ಲೇ ಓಡಿಸಿದರೆ ಗುಂಯ್ ಬರುವ ಒಂದು ಬಾಗಿಲು ಮುಚ್ಚಿದ ಹಾಗೆ. ಎಕ್ಸ್‌ಎಲ್‌ಆರ್ ಔಟ್ ಅದರಲ್ಲಿಲ್ಲ, ಹಾಗಾಗಿ ಅದರ ಮುಂದೆ ಡಿಐ ಬೇಕೇ ಬೇಕು. ಕಂಪ್ರೆಸರ್ ಸ್ವಲ್ಪವೇ ಹಾಕು. ಜಾಸ್ತಿ ಹಾಕಿದರೆ ನೋಟ್‌ಗಳ ನಡುವೆ ಗುಂಯ್ ಎದ್ದು ಕೂರುತ್ತದೆ.

ತಂತಿ ಯಾವುದು ಹಾಕಿದ್ದೀಯ, ಎಷ್ಟು ಹಳೆಯದು, ನೀನು ಹೇಳಲೇ ಇಲ್ಲ. 45ರಿಂದ 105ರ ದಪ್ಪದ (ಇಂಚಿನ ಸಾವಿರದ ಪಾಲಿನ ಲೆಕ್ಕ) ಹೊಸ ನಿಕ್ಕಲ್ ರೌಂಡ್‌ವೂಂಡ್ ಸೆಟ್ ಹಾಕಿಸು, ನೆಕ್ ಸರಿಮಾಡುವ ದಿನವೇ. ತಂತಿ ದಪ್ಪ ಬದಲಾದರೆ ನೆಕ್ ಮೇಲಿನ ಎಳೆತವೂ ಬದಲಾಗುತ್ತದೆ, ಮೊದಲು ನೆಕ್ ಆಮೇಲೆ ತಂತಿ ಅಂತ ಮಾಡಿದರೆ ಎರಡೆರಡು ಕೆಲಸ. ಬೆವರು ಕೈ ನಮ್ಮದು, ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿದರೆ ಬಾಳಿಕೆ ಬರುತ್ತದೆ.

ಜೇವರ್ಗಿ ರೋಡ್ ಬೇಸ್:

ತಂತಿ ಬೇಸ್ ಜೊತೆಗೇ ಬಂದದ್ದು ಅಣ್ಣಾ, ಬದಲಿಸಿಯೇ ಇಲ್ಲ. ಹಾಗಾದರೆ ಪಟ್ಟಿ ಹೀಗೆ: ತಂತಿ, ತಾಮ್ರದ ಟೇಪ್, ಆಕ್ಟಿವ್ ಡಿಐ, ಒಂದು ಒಳ್ಳೆ ಕೇಬಲ್, ಟೆಸ್ಟರ್. ದುಡ್ಡು ಉಳಿದರೆ ಝೂಮ್. 5 ತಂತಿ ಮುಂದಿನ ಮದುವೆ ಸೀಸನ್ ಮುಗಿದ ಮೇಲೆ ನೋಡೋಣ.

ಶಹಾಪುರ ಸೌಂಡ್:

ಎಕ್ಸ್‌ಎಲ್‌ಆರ್ ಕೇಬಲ್ ಕೂಡ ಒಂದು ಸೇರಿಸಿ, ಎಲ್ಲಾ ಕಡೆ ನಮ್ಮದು ಉಳಿದಿರುವುದಿಲ್ಲ. ಮತ್ತೆ ಡಿಐ ಮೇಲೆ ಬಣ್ಣದ ಟೇಪ್ ಅಂಟಿಸಿ ದಪ್ಪಗೆ ಹೆಸರು ಬರೆಯಿರಿ. ರಾತ್ರಿ 1 ಗಂಟೆಗೆ ಸಾಮಾನು ಕಟ್ಟುವಾಗ ಕಪ್ಪು ಪೆಟ್ಟಿಗೆ ಎಲ್ಲಾ ನಮ್ಮ ಹುಡುಗರಿಗೆ ನಮ್ಮವೇ ಅನ್ನಿಸುತ್ತವೆ.